ಅರಿಷಿಣಗೆನ್ನಿಗೆ ಕಟ್ಟಿದ ಚೀಟಿ

ಹೊಳೆಯ ದಂಡೆಯ ಮೇಲೆ ಒಂದು ಹಂಚಿನ ಮನೆ. ಒಳಗೆ ಮೂರು ಗೋಡೆಗೂ ಮರದ ಕಪಾಟು, ಕಪಾಟಿನ ತುಂಬ ಗಾಜಿನ ಬಾಟಲಿ, ಒಂದೊಂದು ಬಾಟಲಿಯಲ್ಲೂ ಸ್ಪಿರಿಟ್ಟಿನಲ್ಲಿ ಮುಳುಗಿದ ಮೀನು. ಊರಿನವರು ಆ ಮನೆಯನ್ನು ಮೀನಿನ ಮಠ ಎಂದು ಕರೆಯುತ್ತಿದ್ದರು.

ಮಠದ ಸ್ವಾಮಿ ಪರಪ್ಪ ಮಾಸ್ತರರು. ಹೊಳೆಯ ಮೀನುಗಳನ್ನು ಗುರುತಿಸಿ ಹೆಸರು ಹಚ್ಚುವುದರಲ್ಲೇ ಐವತ್ತು ವರ್ಷ ಕಳೆದವರು. ಒಂದು ದಿನವೂ ಮೀನು ತಿಂದವರಲ್ಲ.

ಅವರ ಕೊನೆಯ ಶಿಷ್ಯೆ ಮಂದಾಕಿನಿ. ಒಂಬತ್ತು ವರ್ಷದ ಹಿಂದೆ ಅವಳು ಮೊದಲ ಸಲ ಹೊಸ್ತಿಲು ದಾಟಿದಾಗ ಮಾಸ್ತರರು ನಮಸ್ಕಾರಕ್ಕೂ ಕಾಯದೆ ಅವಳ ಕೈಗೆ ಒಂದು ಮೀನು, ಒಂದು ಸೂಜಿ ಕೊಟ್ಟಿದ್ದರು.

"ಮೈಮ್ಯಾಲಿನ ಹುರುಪೆ ಎಣಿಸು."

ಎಣಿಸಿದಳು. "ಮೂವತ್ತೆಂಟು ಅದಾವ್ರಿ."

"ಇನ್ನೊಮ್ಮೆ."

ಇನ್ನೊಮ್ಮೆ ಎಣಿಸಿದಳು. ಮೂವತ್ತೇಳು ಬಂತು.

"ಎರಡರಾಗ ಸುಳ್ಳು ಯಾವುದು?"

ಗೊತ್ತಿರಲಿಲ್ಲ. ಅದೇ ಮೀನನ್ನು ಮೂರು ವಾರ ಎಣಿಸಿದಳು. ಆಗ ಅಳು ಬರುತ್ತಿತ್ತು. ಈಗ ಆ ದಿನಗಳನ್ನು ನೆನೆದರೆ ಹೊಟ್ಟೆಯೊಳಗೆ ಬೆಚ್ಚಗಾಗುತ್ತದೆ. ಮಧ್ಯಾಹ್ನದ ಬಿಸಿಲು ಬಾಟಲಿಗಳ ಮೂಲಕ ಹಾದು ನೆಲದ ಮೇಲೆ ಹಳದಿಯಾಗಿ ಬೀಳುತ್ತಿದ್ದುದು, ಸ್ಪಿರಿಟ್ಟಿನ ವಾಸನೆ, ಮಾಸ್ತರರು ಒಲೆಯ ಮೇಲೆ ಚಹಾ ಉಕ್ಕಿಸಿ ತಾವೇ ಬೈದುಕೊಳ್ಳುತ್ತಿದ್ದುದು. ಅಂಥ ದಿನಗಳು ಮತ್ತೆ ಬರಲಿಲ್ಲ.

ಆಮೇಲೆ ಅವಳು ಪಟ್ಟಣದ ದೊಡ್ಡ ಪ್ರಯೋಗಶಾಲೆಗೆ ಹೋದಳು. ಅಲ್ಲಿ ಹುರುಪೆ ಎಣಿಸುವವರು ಯಾರೂ ಇರಲಿಲ್ಲ. ಜೀವದ ಒಳಗೆ ಬರೆದ ಅಕ್ಷರಗಳನ್ನು ಓದುತ್ತಿದ್ದರು.

ದಸರೆ ಮುಗಿದ ವಾರ ಮಂದಾಕಿನಿ ಮಠಕ್ಕೆ ಬಂದಳು. ಈಚೆ ದಂಡೆಯಿಂದ ಆಚೆ ದಂಡೆಗೆ ಕಸ್ತೂರೆವ್ವನ ಹರಿಗೋಲು. ಕಸ್ತೂರೆವ್ವನಿಗೆ ನಲವತ್ತರ ಮೇಲಾಗಿತ್ತು. ಜನ ಸೇರುವ ತನಕ ದಂಡೆಯ ಮೇಲೆ ಕುಳಿತು ಬಲೆ ಹೊಲಿಯುವುದು, ನಾಲ್ಕು ಜನ ಆದರೆ ಎದ್ದು ಹುಟ್ಟು ಹಾಕುವುದು ಅವಳ ಕೆಲಸ.

"ಆರಾಮೇನ್ರಿ ಅಕ್ಕಾರ?"

"ಆರಾಮ ಕಸ್ತೂರೆವ್ವ," ಎಂದಳು ಮಂದಾಕಿನಿ, ತೊಡೆಯ ಮೇಲಿನ ಕಾಗದದಿಂದ ಕಣ್ಣು ತೆಗೆಯದೆ. ಹೊಳೆ ದಾಟುವ ಹೊತ್ತಿಗೆ ನಾಲ್ಕು ಪುಟ ಓದುವುದು ಅವಳ ರೂಢಿ.

ಮಠದಲ್ಲಿ ಕುಳಿತು ನೀರು ಕುಡಿದ ಮೇಲೆ ಮಾತು ತೆಗೆದಳು.

"ಮಾಸ್ತರ, ಅರಿಷಿಣಗೆನ್ನೀದು ಒಂದು ಚೂರು ಬೇಕ್ರಿ."

ಮಾಸ್ತರರು ಹಿಂದಕ್ಕೆ ತಿರುಗಿದರು. ಕಪಾಟಿನ ನಡುವಿನ ಸಾಲಿನಲ್ಲಿದ್ದ ಒಂದು ಸಣ್ಣ ಬಾಟಲಿಯ ಕಡೆ ನೋಡಿದರು.

ಅರಿಷಿಣಗೆನ್ನಿ ಅವರ ಜೀವಮಾನದ ಮೀನು. ನಲವತ್ತೊಂದು ವರ್ಷದ ಹಿಂದೆ ಏಳುಕಲ್ಲು ಮಡುವಿನಲ್ಲಿ ಸಿಕ್ಕದ್ದು. ಹೊಳೆಯ ತುಂಬ ಇರುವ ಬಿಳಿಗೆನ್ನಿಗೂ ಅದಕ್ಕೂ ನೋಡಲು ಹೆಚ್ಚು ಅಂತರವಿರಲಿಲ್ಲ, ಕೆನ್ನೆಯ ಮೇಲೆ ಅರಿಷಿಣದ ಬಣ್ಣವೊಂದನ್ನು ಬಿಟ್ಟರೆ. ಇದು ಬೇರೆಯೇ ಜಾತಿ ಎಂದು ಮಾಸ್ತರರು ಬರೆದರು, ಹೆಸರಿಟ್ಟರು. ಕೆಲವು ವರ್ಷಕ್ಕೆ ಅಣೆಕಟ್ಟು ಬಂತು, ಮಡು ಹಿನ್ನೀರಿನ ತಳ ಸೇರಿತು. ಆಮೇಲೆ ಅರಿಷಿಣಗೆನ್ನಿಯನ್ನು ಕಂಡವರಿಲ್ಲ. ಉಳಿದದ್ದು ಬಾಟಲಿಯಲ್ಲಿದ್ದ ಬೆರಳುದ್ದದ ಒಂದು ಮೀನು. ಸ್ಪಿರಿಟ್ಟಿನಲ್ಲಿ ಅದರ ಅರಿಷಿಣವೂ ತೊಳೆದುಹೋಗಿ ಬೆಳ್ಳಗಾಗಿತ್ತು.

ಈಗ ಪಂಡಿತರು ಹೊಳೆಯ ಮೀನುಗಳ ಹೊಸ ಪಟ್ಟಿ ಮಾಡುತ್ತಿದ್ದರು. ಅರಿಷಿಣಗೆನ್ನಿ ಬೇರೆ ಮೀನಲ್ಲ, ಮೊಟ್ಟೆಯಿಡುವ ಕಾಲದಲ್ಲಿ ಬಿಳಿಗೆನ್ನಿಯೇ ಬಣ್ಣ ಬದಲಿಸಿದ್ದು ಎಂಬುದು ಅವರ ವಾದ. ಯುಗಾದಿಯೊಳಗೆ ಸಾಕ್ಷಿ ಸಿಗದಿದ್ದರೆ ಹೆಸರನ್ನು ಹೊಡೆದು ಹಾಕುವುದಾಗಿ ಮಂದಾಕಿನಿಗೆ ಪತ್ರ ಬಂದಿತ್ತು.

"ಹಿರೇರು ನದಿಮೂಲ, ಋಷಿಮೂಲ ಕೇಳಬಾರದು ಅಂದ್ರು," ಅಂದರು ಮಾಸ್ತರರು. "ನೀ ಎರಡೂ ಬಿಟ್ಟು ಮೀನಿನ ಮೂಲಕ್ಕ ಕೈ ಹಾಕಿದಿ."

"ಕೇಳದಿದ್ರ ಹೆಸರು ಹೋಗ್ತೈತ್ರಿ."

"ಯಾರ ಹೆಸರು?"

"ಮೀನಿಂದು. ನಿಮ್ದೂ."

ಮಾಸ್ತರರು ಬಾಟಲಿಯನ್ನು ಇಳಿಸಿ ಕೈಯಲ್ಲಿ ಹಿಡಿದರು. "ಏನಂತ ಕೇಳ್ತಿ ಅದಕ್ಕ?"

"ಜೀವದ ಒಂದೊಂದು ಕಣದಾಗೂ ಮೈಟೊಕಾಂಡ್ರಿಯ ಅಂತ ಇರ್ತಾವ್ರಿ. ಕಣಕ್ಕ ಶಕ್ತಿ ಕೊಡೂವು. ಅವಕ್ಕ ತಮ್ಮದ ಒಂದು ಸಣ್ಣ ಪುಸ್ತಕ ಐತಿ. ಹದಿನಾರು ಸಾವಿರದ ಮ್ಯಾಲ ಚಿಲ್ಲರೆ ಅಕ್ಷರ. ಆ ಪುಸ್ತಕ ತಾಯಿಯಿಂದ ಮಾತ್ರ ಬರ್ತೈತಿ. ತಾಯಿಗೆ ಆಕಿ ತಾಯಿಯಿಂದ. ನಕಲು ಮಾಡೂವಾಗ ಎಷ್ಟೋ ತಲೆಮಾರಿಗೆ ಒಂದು ಅಕ್ಷರ ತಪ್ಪತೈತಿ. ಎರಡು ಮೀನಿನ ಪುಸ್ತಕ ಬಾಜೂಕ ಇಟ್ಟು ಎಷ್ಟು ಅಕ್ಷರ ಬ್ಯಾರೆ ಅದಾವು ಅಂತ ಎಣಿಸಿದ್ರ, ಅವು ಎಷ್ಟು ಹಿಂದ ಅಗಲಿದ್ವು ಅಂತ ಗೊತ್ತಾಗ್ತೈತಿ."

"ಹೆಪ್ಪು."

"ಏನ್ರಿ?"

"ನಮ್ಮವ್ವ ತವರಿಂದ ಬರೂವಾಗ ಕುಡಿಕ್ಯಾಗ ಹೆಪ್ಪು ತಂದಿದ್ಲು. ಅದು ಆಕಿ ಅವ್ವನ ಮನೀದು. ನಮ್ಮಕ್ಕ ಗಂಡನ ಮನಿಗೆ ಹೋಗೂವಾಗ ಅದನ್ನ ಒಯ್ದಳು. ಅದ ಮೊಸರು ನಾನೂ ಉಂಡೆ. ಆದ್ರ ಗಂಡಸು ಮೊಸರು ಉಣ್ತಾನ, ಹೆಪ್ಪು ಒಯ್ಯೂದಿಲ್ಲ."

ಮಂದಾಕಿನಿ ನಕ್ಕಳು. ಪಟ್ಟಣದಲ್ಲಿ ಆರು ವರ್ಷ ಓದಿದ್ದನ್ನು ಮಾಸ್ತರರು ಒಂದು ಕುಡಿಕೆಯಲ್ಲಿ ಹಾಕಿ ಕೊಟ್ಟಿದ್ದರು.

ಅವಳು ಚೀಲದಿಂದ ಕೈಗವಸು ತೆಗೆದು ಹಾಕಿಕೊಂಡಳು. ಬಾಯಿಗೂ ಬಟ್ಟೆ ಕಟ್ಟಿಕೊಂಡಳು.

"ಭಾಳ ಮಡಿ ಆತಲ್ಲ."

"ಮಡಿ ಅಲ್ರಿ. ನನ್ನ ಅಕ್ಷರ ಮೀನಿಗೆ ಅಂಟಬಾರದು."

"ಒಂದ ಚೂರು," ಅಂದರು ಮಾಸ್ತರರು. "ಇರೂದು ಒಂದ ಮೀನು."

ಮೀನಿನ ಬಾಯಿಂದ ಒಂದು ನೂಲು ಹೊರಟು ಕಿವಿರಿನಿಂದ ಹೊರಗೆ ಬಂದಿತ್ತು. ನೂಲಿನ ತುದಿಗೆ ಹಳೆಯ ಚೀಟಿ. ಅದರ ಮೇಲೆ ಮಾಸ್ತರರ ಎಳೆವಯಸ್ಸಿನ ಅಕ್ಷರ: ಏಳುಕಲ್ಲು ಮಡು. ಕಂಡವರು: ಪರಪ್ಪ. ಆ ಅಕ್ಷರ ಎಷ್ಟು ದುಂಡಗಿತ್ತೆಂದರೆ ಮಂದಾಕಿನಿಗೆ ಅದರ ಮೇಲೆ ಪ್ರೀತಿ ಬಂತು.

ಕೊಯ್ದರೆ ಹೊರಗೆ ಕಾಣಬಾರದು ಎಂದು ಯೋಚಿಸಿ ಅವಳು ಕಿವಿರಿನ ಒಳಗೆ, ನೂಲು ಹಾದುಹೋದ ಜಾಗದಲ್ಲಿ ಅಕ್ಕಿಕಾಳಿನಷ್ಟು ತೆಗೆದಳು. ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡಳು. ಅವಳ ತಪ್ಪು ಅಲ್ಲೇ ಇತ್ತು.

ದೀಪಾವಳಿಯ ಮರುವಾರ ಅಕ್ಷರಗಳು ಬಂದವು. ಯಂತ್ರ ಓದಿದ್ದರಲ್ಲಿ ನೂರಕ್ಕೆ ತೊಂಬತ್ತು ಮನುಷ್ಯರ ಅಕ್ಷರ. ಮೀನಿನವು ಅಲ್ಲೊಂದು ಇಲ್ಲೊಂದು ಹರಿದ ತುಣುಕು, ಸಾಕ್ಷಿಗೆ ನಿಲ್ಲುವಷ್ಟಿರಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ ಅವಳು ಮೊದಲು ತನ್ನ ಅಕ್ಷರವನ್ನೇ ತೆಗೆದು ಪಕ್ಕಕ್ಕಿಟ್ಟು ನೋಡಿದಳು. ಅವಳವಲ್ಲ. ಪ್ರಯೋಗಶಾಲೆಯ ಜೊತೆಗಾರರದನ್ನು ನೋಡಿದಳು. ಅವರವೂ ಅಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಅವಳು ತಲೆ ತಗ್ಗಿಸಿಕೊಂಡು ಹೊಳೆ ದಾಟಿದಳು.

"ಕೆಡಿಸಿಬಿಟ್ಟೆ ಮಾಸ್ತರ."

"ಏನ ಸಿಕ್ತು?"

"ಯಾರೋ ಮನುಷ್ಯರ ಅಕ್ಷರ. ಬರೀ ಕಸ. ಬಾಜೂಕ ಸರಿಸಿಟ್ಟೀನಿ."

"ಯಾರವು?"

"ಗೊತ್ತಿಲ್ರಿ. ಯಾರದಾದ್ರೇನು. ಇನ್ನೊಂದು ಚೂರು ಕೊಟ್ರ ಬಾಲದ ಕಡಿಂದ ತಗೋತೀನಿ. ಅಲ್ಲೆ ಯಾರೂ ಮುಟ್ಟಿರೂದಿಲ್ಲ."

ಮಾಸ್ತರರು ಎದ್ದು ಬಾಟಲಿಯಿದ್ದ ಕಪಾಟಿನ ಬಾಗಿಲು ಹಾಕಿದರು.

"ಯಾರು ಅಂತ ಹೇಳು. ಕೊಡ್ತೀನಿ."

"ಮೀನಿಗೂ ಅದಕ್ಕೂ ಏನು ಸಂಬಂಧರಿ?"

"ಸಂಬಂಧ ಹುಡುಕೂದು ಕಲಿಯಾಕ ಹೋದಾಕಿ ನೀನು. ನನಗ್ಯಾಕ ಕೇಳ್ತಿ?"

ಮಂದಾಕಿನಿಗೆ ಸಿಟ್ಟು ಬಂತು. ಯುಗಾದಿ ಹತ್ತಿರ ಬರುತ್ತಿತ್ತು, ಮುದುಕರಿಗೆ ಒಗಟು ಬೇಕಾಗಿತ್ತು. ಸಿಟ್ಟನ್ನು ನುಂಗಿ ಚೀಲದಿಂದ ಹತ್ತಿಯ ಕಡ್ಡಿ ತೆಗೆದಳು.

"ಬಾಯಿ ತಗೀರಿ. ನಿಮ್ಮದ ಇರಬೇಕು."

ಮಾಸ್ತರರು ಮಗುವಿನಂತೆ ಬಾಯಿ ತೆರೆದರು. ಅವಳು ಕೆನ್ನೆಯ ಒಳಗೆ ಕಡ್ಡಿ ಉಜ್ಜಿ ಡಬ್ಬಿಗೆ ಹಾಕಿಕೊಂಡಳು.

ಹತ್ತು ದಿನಕ್ಕೆ ಫೋನು ಮಾಡಿದಳು.

"ನಿಮ್ಮದಲ್ರಿ."

"ನನಗ ಗೊತ್ತಿತ್ತು. ಚೀಟಿ ಬರದಾಂವ ನಾನು. ಕಟ್ಟಿದಾಂವ ನಾನಲ್ಲ."

"ಮತ್ತ ಯಾರು? ನಿಮ್ಮ ಗುರುಗಳೇನ್ರಿ?"

"ಅವರು ಪಟ್ಟಣದಾಗ ಕುಂತು ನನ್ನ ಪತ್ರ ಓದಿದವರು. ಈ ಮೀನಿಗೆ ಕೈ ಹಚ್ಚಿದವರಲ್ಲ."

"ಹಂಗಾರ ಯಾರನ್ನ ಕೇಳ್ಲಿ?"

"ಹೊಳಿ ದಾಟೂವಾಗ ಕಣ್ಣು ತಗದಿರು," ಎಂದು ಮಾಸ್ತರರು ಫೋನು ಇಟ್ಟರು.

ಮತ್ತೊಂದು ವಾರ ಕಳೆಯಿತು. ಉತ್ತರ ಸಿಗಲಿಲ್ಲ. ಕಾಲು ಹಿಡಿದಾದರೂ ಎರಡನೆಯ ಚೂರು ಕೇಳಬೇಕೆಂದು ನಿರ್ಧರಿಸಿ ಮಂದಾಕಿನಿ ಹೊರಟು ಬಂದಳು.

ಆ ದಿನ ಹೊಳೆಯ ಮೇಲೆ ಗಾಳಿ ಜೋರಿತ್ತು. ಓದಲು ತೆಗೆದ ಕಾಗದ ಹಾರಿಹೋಗುವುದರಲ್ಲಿತ್ತು, ಚೀಲಕ್ಕೆ ತುರುಕಿದಳು. ಗಾಳಿ ಇಳಿಯುವ ತನಕ ಹರಿಗೋಲು ಬಿಡುವುದಿಲ್ಲವೆಂದು ಕಸ್ತೂರೆವ್ವ ದಂಡೆಯ ಮೇಲೆ ಬಲೆ ಹರಡಿಕೊಂಡು ಕುಳಿತಿದ್ದಳು. ಮಾಡಲು ಬೇರೆ ಕೆಲಸವಿಲ್ಲದೆ ಮಂದಾಕಿನಿ ಅವಳ ಕೈಯನ್ನೇ ನೋಡುತ್ತ ಕುಳಿತಳು.

ಕಸ್ತೂರೆವ್ವ ನೂಲು ಹರಿದಳು. ಅದರ ತುದಿಯನ್ನು ಬಾಯಲ್ಲಿಟ್ಟು ತುಟಿಯಿಂದ ಒತ್ತಿ ಎಳೆದಳು. ಆಮೇಲೆ ಗಂಟು ಹಾಕಿದಳು. ಮತ್ತೊಂದು ನೂಲು. ಮತ್ತೆ ಬಾಯಿ, ಮತ್ತೆ ಗಂಟು.

ಮಂದಾಕಿನಿ ನೆಟ್ಟಗೆ ಕುಳಿತಳು.

"ಕಸ್ತೂರೆವ್ವ, ನೂಲು ಯಾಕ ಬಾಯಾಗ ಹಿಡೀತಿ?"

"ಒಣ ನೂಲಿಗೆ ಗಂಟು ನಿಲ್ಲೂದಿಲ್ರಿ ಅಕ್ಕಾರ. ಹಸಿ ಮಾಡಿ ಕಟ್ಟಿದ್ರ ಜನ್ಮಕ್ಕ ಬಿಚ್ಚೂದಿಲ್ಲ. ನಮ್ಮಜ್ಜಿ ಹೇಳಿಕೊಟ್ಟಿದ್ದು."

"ಯಾವ ಅಜ್ಜಿ?"

"ನಮ್ಮವ್ವನ ಅವ್ವ, ತಂಗೆವ್ವ ಅಂತ. ಈ ಹುಟ್ಟು ಆಕೀದ. ಮೊದಲು ಮಾಸ್ತರರನ್ನ ಏಳುಕಲ್ಲು ಮಡುವಿಗೆ ಕರಕೊಂಡು ಹೋಗ್ತಿದ್ದಾಕಿ ಆಕೀನ. ಬಲಿ ಬೀಸಾಕಿ, ಮೀನು ಆರ್ಸಾಕಿ, ಬಾಟ್ಲಿಗೆ ಹಾಕಾಕಿ. ನಿಮ್ಮ ಮಠದಾಗ ಅರ್ಧ ಮೀನು ಆಕಿ ಬಲ್ಯಾಗ ಬಿದ್ದಾವ."

ಮಂದಾಕಿನಿಗೆ ತನ್ನ ಬಗ್ಗೆ ತನಗೇ ನಾಚಿಕೆಯಾಯಿತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಒಂಬತ್ತು ವರ್ಷ ಇದೇ ಹರಿಗೋಲಿನಲ್ಲಿ ದಾಟಿದ್ದಳು. ಹುಟ್ಟು ಯಾರದೆಂದು ಒಂದು ದಿನವೂ ಕೇಳಿರಲಿಲ್ಲ.

"ಕಸ್ತೂರೆವ್ವ, ನಿನ್ನ ಬಾಯಾಗಿಂದು ಸ್ವಲ್ಪ ಉಗುಳು ಬೇಕಾಗಿತ್ತು."

ಕಸ್ತೂರೆವ್ವ ಅವಳ ಮುಖ ನೋಡಿದಳು. "ಓದಿ ಓದಿ ನಿಮಗ ಏನರ ಆಗೇತೇನ್ರಿ?"

ಮಂದಾಕಿನಿ ಹೇಳಿದಳು. ಮಾಸ್ತರರ ಹೆಪ್ಪಿನ ಮಾತನ್ನೇ ಹೇಳಿದಳು. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಕೆಡದೆ ಬರುವ ಅಕ್ಷರದ ಮಾತು. ಬಾಟಲಿಯಲ್ಲಿ ಸಿಕ್ಕ ಮನುಷ್ಯರ ಅಕ್ಷರದ ಮಾತು.

ಕಸ್ತೂರೆವ್ವ ಬಲೆ ಕೆಳಗಿಟ್ಟಳು.

"ಹಂಗಾದ್ರ ನಮ್ಮಜ್ಜಿ ಆ ಬಾಟ್ಲ್ಯಾಗ ಅದಾಳೇನ್ರಿ?"

"ಆಕಿ ಉಗುಳು ಇರಬಹುದು. ನೋಡಬೇಕು."

"ಉಗುಳು ಅಂದ್ರ ಆಕೀನಲ್ರಿ," ಎಂದಳು ಕಸ್ತೂರೆವ್ವ. ಸೆರಗಿನಿಂದ ಬಾಯಿ ಒರೆಸಿಕೊಂಡು, ಪ್ರಸಾದಕ್ಕೆ ಬಾಯಿ ತೆರೆಯುವಂತೆ ತೆರೆದಳು.

ಗಾಳಿ ಇಳಿದರೂ ಮಂದಾಕಿನಿ ಆ ದಿನ ಹೊಳೆ ದಾಟಲಿಲ್ಲ. ಡಬ್ಬಿ ಹಿಡಿದುಕೊಂಡು ಅಲ್ಲಿಂದಲೇ ಪಟ್ಟಣಕ್ಕೆ ಮರಳಿದಳು.

ಎರಡು ಪುಸ್ತಕ ಪಕ್ಕಪಕ್ಕ ಇಟ್ಟಳು. ಒಂದು ಬಾಟಲಿಯದು, ಒಂದು ಕಸ್ತೂರೆವ್ವನದು. ಓದಲು ಸಿಕ್ಕಷ್ಟು ಜಾಗದಲ್ಲಿ ಒಂದು ಅಕ್ಷರವೂ ಬೇರೆಯಿರಲಿಲ್ಲ. ಕಸ ಎಂದು ಅವಳು ಬದಿಗೆ ಸರಿಸಿದ್ದ ಅಕ್ಷರಗಳವು. ಮೊದಲಿನಿಂದ ಇನ್ನೊಮ್ಮೆ ಎಣಿಸಿದಳು.

ಸಂಕ್ರಾಂತಿಯ ಮುಂಜಾನೆ ಮಠದ ಹೊಸ್ತಿಲ ಮೇಲೆ ನಿಂತೇ ಹೇಳಿದಳು.

"ತಂಗೆವ್ವ."

ಮಾಸ್ತರರು ಒಲೆಯ ಮೇಲೆ ಚಹಾ ಇಟ್ಟಿದ್ದರು. ಅದು ಉಕ್ಕಿ ಹೋಯಿತು. ಈ ಸಲ ಅವರು ಬೈದುಕೊಳ್ಳಲಿಲ್ಲ.

"ಖಾತ್ರಿ ಏನು?"

"ಅಕ್ಷರ ತಾಯಿ ಸಾಲು ಅಷ್ಟ ಹೇಳ್ತಾವ್ರಿ. ತಂಗೆವ್ವ, ಆಕಿ ಅಕ್ಕತಂಗೇರು, ಆಕಿ ಅವ್ವ, ಎಲ್ಲಾರದೂ ಒಂದ ಪುಸ್ತಕ. ಅದರಾಗ ಯಾರು ಅಂತ ಅಕ್ಷರ ಹೇಳೂದಿಲ್ಲ. ಅದನ್ನ ನೀವ ಹೇಳಬೇಕು."

ಮಾಸ್ತರರು ಚಾಪೆಯ ಮೇಲೆ ಕುಳಿತರು. ಅವಳೂ ಕುಳಿತಳು, ಒಂಬತ್ತು ವರ್ಷದ ಹಿಂದೆ ಸೂಜಿ ಹಿಡಿದು ಕುಳಿತ ಜಾಗದಲ್ಲೇ.

"ಮಡುವಿನ ನೀರು ಆಗ ತಳ ಕಾಣೂವಂಗ ಇರ್ತಿತ್ತು," ಅಂದರು. "ಏಳು ಕಲ್ಲು ಎಣಿಸಬಹುದಿತ್ತು. ತಂಗೆವ್ವ ಹರಿಗೋಲು ಸುತ್ತ ತಿರುಗಸ್ಕೋತ ಹಾಡು ಹೇಳಾಕಿ. ನನಗ ಮೂವತ್ತೈದು. ಹೆಸರು ಮಾಡಬೇಕು ಅನ್ನೂ ಹುಚ್ಚು."

"ಹೂಂ."

"ಒಂದು ದಿನ ಎರಡು ಮೀನು ಅಂಗೈಯಾಗ ಇಟ್ಕೊಂಡು ನನ್ನ ಕಡೆ ಚಾಚಿದ್ಲು. ಮಾಸ್ತರ, ಇವು ಬ್ಯಾರೆ ತಾಯಿ ಮಕ್ಕಳ್ರಿ, ಅಂದ್ಲು. ನಾ ನಕ್ಕೆ. ಕೆನ್ನಿ ಬಣ್ಣ ನೋಡಿ ಮೋಸ ಹೋಗ್ಯಾಳ ಅಂದ್ಕೊಂಡೆ. ಬಣ್ಣ ಬಿಡ್ರಿ, ಇವು ನೀರಾಗ ನಿಂದ್ರೂ ರೀತೀನ ಬ್ಯಾರೆ, ಅಂದ್ಲು."

"ಆಮ್ಯಾಲ?"

"ಎಂಟು ದಿನ ಬಿಟ್ಟು ಹುರುಪೆ ಎಣಿಸಿದೆ. ಒಂದು ಸಾಲು ಕಡಿಮಿ ಇತ್ತು. ನಮ್ಮ ಗುರುಗಳಿಗೆ ಪತ್ರ ಹಾಕಿದೆ. ಅವರು ತಿರುಗಿ ಬರದು ಕೇಳಿದ್ರು, ಮೊದಲ ಕಂಡವರು ಯಾರು ಅಂತ."

ಮಂದಾಕಿನಿ ಕೇಳಲಿಲ್ಲ. ಮಾಸ್ತರರೇ ಹೇಳಿದರು.

"ನಾನು ಅಂತ ಬರದೆ."

ಹೊರಗೆ ಯಾರೋ ದಂಡೆಯಿಂದ ಹರಿಗೋಲನ್ನು ಕೂಗಿ ಕರೆಯುತ್ತಿದ್ದರು.

"ಆಕಿಗೆ ಗೊತ್ತಾತೇನ್ರಿ?"

"ಚೀಟಿ ಕಟ್ಟಿದಾಕೀನ ಆಕಿ. ಓದಾಕ ಬರ್ತಿದ್ದಿಲ್ಲ. ನೂಲು ಬಾಯಾಗ ಇಟ್ಕೊಂಡು, ಏನ ಬರದೀರಿ ಮಾಸ್ತರ, ಅಂತ ಕೇಳಿದ್ಲು. ಮಡುವಿನ ಹೆಸರು ಅಂದೆ. ಅಷ್ಟು ಖರೆ ಇತ್ತು. ಆಕಿ ನಕ್ಕೋತ ಗಂಟು ಹಾಕಿದ್ಲು."

"ಇಷ್ಟು ವರ್ಷ ಯಾಕ ಹೇಳಲಿಲ್ರಿ?"

"ಮೊದಲು ನಾಚಿಕಿ ಆತು. ಆಮ್ಯಾಲ ಆಕಿ ಸತ್ಲು. ಆಮ್ಯಾಲ ರೂಢಿ ಆತು."

ಮಂದಾಕಿನಿ ಅವರ ಮುಖ ನೋಡಿದಳು. ಅವಳಿಗೆ ಬೇಸರವಾಗಿತ್ತು, ಅದನ್ನು ಬಚ್ಚಿಡಲೂ ಇಲ್ಲ. ದುಂಡಗಿನ ಆ ಅಕ್ಷರವನ್ನು ಅವಳು ಮೆಚ್ಚಿದ್ದಳು. ಆದರೆ ಈ ಮನುಷ್ಯನೇ ತನಗೆ ಎರಡರಲ್ಲಿ ಸುಳ್ಳು ಯಾವುದೆಂದು ಕೇಳಲು ಕಲಿಸಿದ್ದು ಎಂಬುದೂ ನೆನಪಿತ್ತು.

"ಮೊನ್ನೆ ನೀವ ಹೇಳಬಹುದಿತ್ತಲ್ರಿ. ನನ್ನ ಯಾಕ ಓಡಾಡಿಸಿದ್ರಿ?"

"ನಾ ಹೇಳಿದ್ರ ಅದು ಪರಪ್ಪ ಮಾಸ್ತರನ ದೊಡ್ಡಸ್ತಿಕಿ ಆಗ್ತಿತ್ತು. ಮುದುಕ ಭಾಳ ಒಳ್ಳೇಂವ ಅಂತಿದ್ರಿ. ಈಗ ಹೇಳಿದಾಕಿ ತಂಗೆವ್ವ."

ಎದ್ದು ಕಪಾಟು ತೆರೆದರು. ಬಾಟಲಿಯನ್ನು ಅವಳ ಮುಂದಿಟ್ಟರು.

ಮಂದಾಕಿನಿ ಬಾಲದ ಹತ್ತಿರ, ನೂಲು ಮುಟ್ಟದ ಕಡೆ, ಎರಡನೆಯ ಚೂರು ಕೊಯ್ದಳು. ಈ ಸಲ ಗಾಯ ಕಣ್ಣಿಗೆ ಕಾಣುತ್ತಿತ್ತು. ಮಾಸ್ತರರು ಅದನ್ನು ನೋಡಿ ಬಾಟಲಿಯ ಮುಚ್ಚಳ ಹಾಕಿದರು.

ಶಿವರಾತ್ರಿ ಕಳೆದು ನಾಲ್ಕು ದಿನಕ್ಕೆ ಅವಳು ಬಂದಳು. ಹರಿಗೋಲನ್ನು ಕಲ್ಲಿಗೆ ಕಟ್ಟಿಸಿ ಕಸ್ತೂರೆವ್ವನನ್ನೂ ಕರೆದುಕೊಂಡು ಬಂದಳು. ಇಷ್ಟು ವರ್ಷ ಮಠಕ್ಕೆ ಜನರನ್ನು ದಾಟಿಸಿದ ಕಸ್ತೂರೆವ್ವ ಮಠದ ಒಳಗೆ ಬಂದದ್ದು ಅದೇ ಮೊದಲು. ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕುಳಿತಳು.

"ಹೇಳು," ಅಂದರು ಮಾಸ್ತರರು.

ಮಂದಾಕಿನಿ ಒಂದು ಕಾಗದ ಬಿಚ್ಚಿದಳು. ಅದರ ಮೇಲೆ ಒಂದು ಮರ, ಬರೀ ಕೊಂಬೆಗಳು. ಒಂದೊಂದು ಕೊಂಬೆಯ ತುದಿಗೆ ಒಂದು ಮೀನಿನ ಹೆಸರು.

"ಪುಸ್ತಕ ಪೂರ್ತಿ ಸಿಕ್ತ್ರಿ. ಹತ್ತೊಂಬತ್ತು ಮೀನಿನ ಪುಸ್ತಕದ ಜೋಡಿ ಇಟ್ಟು ನೋಡಿದೆ. ಬಿಳಿಗೆನ್ನಿಗೂ ಅರಿಷಿಣಗೆನ್ನಿಗೂ ಸಾವಿರದ ಇನ್ನೂರು ಅಕ್ಷರ ಬ್ಯಾರೆ ಅದಾವು. ಒಂದ ಜಾತಿ ಆಗಿದ್ರ ಇಪ್ಪತ್ತೋ ಮೂವತ್ತೋ ಇರ್ತಿದ್ವು."

"ಅಕ್ಕತಂಗೇರಾದ್ರೂ ಹೌದೇನು?"

"ಅದೂ ಅಲ್ರಿ. ಅರಿಷಿಣಗೆನ್ನೀ ಸಮೀಪದ ಬಳಗ ಬಿಳಿಗೆನ್ನಿ ಅಲ್ಲ. ಇಲ್ಲಿಂದ ನೂರಾರು ಮೈಲಿ ತೆಂಕಣ ಹೊಳ್ಯಾಗ ಇರೂ ಮೀನು. ಲಕ್ಷಗಟ್ಟಲೆ ವರ್ಷದ ಹಿಂದ ಅಗಲಿದ್ದು. ಬಿಳಿಗೆನ್ನಿ ಇದರ ಬಾಜೂಕ ಈಸತಿತ್ತು ಅಷ್ಟ."

ಅವಳು ಕಾಗದವನ್ನು ಮಾಸ್ತರರ ಮುಂದೆ ಸರಿಸಿದಳು. "ಬ್ಯಾರೆ ತಾಯಿ ಮಕ್ಕಳ್ರಿ."

ಮಾಸ್ತರರು ಕಣ್ಣು ಮುಚ್ಚಿದರು. ಕಣ್ಣಿನ ತುದಿಯಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಹಂಗಾರ ಹೆಸರು ಉಳೀತು."

"ಉಳೀತ್ರಿ. ನಿನ್ನೆ ಬರದು ಕಳಿಸೀನಿ. ಮೊದಲ ಗುರುತು ಹಿಡಿದಾಕಿ ತಂಗೆವ್ವ ಅಂತ ಮೊದಲನೆ ಸಾಲಿನ್ಯಾಗ ಹಾಕೀನಿ. ನಿಮ್ಮನ್ನ ಕೇಳಲಿಲ್ಲ."

"ಕೇಳಿದ್ರ ಬೈತಿದ್ದೆ," ಅಂದರು ಮಾಸ್ತರರು.

ಕಸ್ತೂರೆವ್ವ ಗೋಡೆಯ ಕಡೆಯಿಂದ ಕೇಳಿದಳು. "ಅದು ಯಾವ ಬಾಟ್ಲಿರಿ?"

ಮಾಸ್ತರರು ಬಾಟಲಿ ತಂದು ಅವಳ ತೊಡೆಯ ಮೇಲಿಟ್ಟರು. ಕಸ್ತೂರೆವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದಳು. ಮೀನನ್ನಲ್ಲ, ಕಿವಿರಿನಿಂದ ಇಳಿದ ನೂಲನ್ನು, ನೂಲಿನ ಗಂಟನ್ನು.

"ಆಕೀದ ಗಂಟು. ಎರಡು ಸುತ್ತು, ಒಂದು ಒಳಗ. ನಾನೂ ಹಂಗ ಹಾಕೂದು."

ಬಿಸಿಲು ಬಾಟಲಿಗಳನ್ನು ಹಾದು ನೆಲದ ಮೇಲೆ ಹಳದಿಯಾಗಿ ಬಿದ್ದಿತ್ತು. ಮಂದಾಕಿನಿಗೆ ತಾನು ಸೂಜಿ ಹಿಡಿದು ಅಳುತ್ತ ಕುಳಿತ ಮಧ್ಯಾಹ್ನಗಳು ನೆನಪಾದವು. ತಾನು ಕಾಣದ ಮಡುವಿನ ಏಳು ಕಲ್ಲುಗಳೂ ಹೇಗೋ ನೆನಪಾದವು.

ಮಾಸ್ತರರು ಮೇಜಿನ ಡ್ರಾಯರಿನಿಂದ ಒಂದು ಸಣ್ಣ ದಪ್ಪ ಕಾಗದ ತೆಗೆದರು. ಕರಿ ಶಾಯಿಯಲ್ಲಿ ಪೆನ್ನು ಅದ್ದಿ ನಿಧಾನವಾಗಿ ಬರೆದರು. ಅಕ್ಷರ ಈಗ ದುಂಡಗಿರಲಿಲ್ಲ, ಅಲ್ಲಾಡಿತ್ತು.

ಏಳುಕಲ್ಲು ಮಡು. ಕಂಡವರು: ಹರಿಗೋಲಿನ ತಂಗೆವ್ವ.

ಶಾಯಿ ಒಣಗಿದ ಮೇಲೆ ಚೀಟಿಯನ್ನೂ ಒಂದು ಎಳೆ ನೂಲನ್ನೂ ಮಂದಾಕಿನಿಯ ಕೈಗೆ ಕೊಟ್ಟರು.

"ಹಳೇದನ್ನ ಬಿಚ್ಚಲೇನ್ರಿ?"

"ಬಿಚ್ಚಬ್ಯಾಡ. ಇರ್ಲಿ ಅದೂ. ಅದರ ಬಾಜೂಕ ಕಟ್ಟು. ಮುಂದ ಎಣಿಸಾಕ ಬಂದವರು ಎರಡೂ ಓದ್ಲಿ."

ಮಂದಾಕಿನಿ ಬಾಟಲಿಯ ಮುಚ್ಚಳ ತೆಗೆದಳು. ಚಿಮುಟದಿಂದ ಮೀನನ್ನು ತಟ್ಟೆಯ ಮೇಲೆ ಇಟ್ಟಳು. ಕೈಗವಸು ಹಾಕಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ನೂಲನ್ನು ಕಿವಿರಿನೊಳಗೆ ಹಾಯಿಸಿ ಗಂಟು ಹಾಕಿದಳು. ಗಂಟು ಜಾರಿತು. ಮತ್ತೆ ಹಾಕಿದಳು. ಮತ್ತೆ ಜಾರಿತು.

ಕಸ್ತೂರೆವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮಾಸ್ತರರು ಕೈ ಚಾಚಿ ಶಿಷ್ಯೆಯ ಕೈಗವಸನ್ನು ಒಂದೊಂದೇ ಬೆರಳು ಎಳೆದು ತೆಗೆದು ಪಕ್ಕಕ್ಕಿಟ್ಟರು. ಬಾಯಿಗೆ ಕಟ್ಟಿದ ಬಟ್ಟೆಯ ಕಡೆಗೂ ಬೆರಳು ತೋರಿಸಿದರು.

"ಮಾಸ್ತರ," ಎಂದಳು ಮಂದಾಕಿನಿ, "ಐವತ್ತು ವರ್ಷ ಬಿಟ್ಟು ಯಾರರ ಬಂದು ಈ ಮೀನು ಓದಿದ್ರ, ಅದರಾಗ ನನ್ನ ಅಕ್ಷರಾನೂ ಸಿಗ್ತಾವ್ರಿ."

"ಸಿಗ್ಲಿ," ಅಂದರು ಮಾಸ್ತರರು. "ಒಣ ನೂಲಿಗೆ ಗಂಟು ನಿಲ್ಲೂದಿಲ್ಲ ಮಂದಾ. ಬಾಯಾಗ ಹಿಡಿ."